ದಳವಾಯಿ ಮರ್ಜಾನಪ್ಪನ ಬೆಲೆ

ಒಬ್ಬ ಮನುಷ್ಯನಿಗೆ ಮುನ್ನೂರು ಹೇರು ಉಪ್ಪು. ಒಂದು ಎತ್ತು ಹೊರುವಷ್ಟಕ್ಕೆ ಒಂದು ಹೇರು, ಅಂಥ ಮುನ್ನೂರು. ವ್ಯಾಪಾರ ಇಷ್ಟೇ. ಮಾರಿದವರು ನಮ್ಮ ಪೇಟೆಯವರು, ಕೊಂಡವರು ಬಡಗಣ ದಂಡಿನವರು, ಮಾಲು ನಮ್ಮದೇ ಕೋಟೆಯ ದಳವಾಯಿ. ಲಾಭವೋ ಲುಕ್ಸಾನೋ ಕೊನೆಗೆ ನೋಡೋಣ. ಮೊದಲು ಆ ಮನುಷ್ಯನ ವಿಚಾರ ಕೇಳಿ.

ಹಿಂದೆ, ವರ್ಷಗಳಿಗೆ ಲೆಕ್ಕ ಹಾಕುವವರು ಈ ಕಡೆ ಬರುವುದಕ್ಕೂ ಮೊದಲು, ನಮ್ಮ ಈ ಕೆಂಗುಡ್ಡ ಹೀಗಿತ್ತು. ಗುಡ್ಡದ ಮೇಲೆ ದೊರೆ, ಗುಡ್ಡದ ಬುಡದಲ್ಲಿ ಪೇಟೆ, ಎರಡನ್ನೂ ಸುತ್ತಿ ಒಂದೇ ಕೋಟೆಗೋಡೆ. ಆ ಪೇಟೆಯ ಒಬ್ಬ ಶೆಟ್ಟಿ ಉಪ್ಪು ತರಲು ಘಟ್ಟ ಇಳಿದು ಬಂದರಿಗೆ ಹೋಗಿದ್ದ. ಹಡಗಿನಿಂದ ಇಳಿಸಿದ ಮಾಲಿನಲ್ಲಿ ಮನುಷ್ಯರೂ ಇದ್ದರಂತೆ. ಅವರಲ್ಲಿ ಎತ್ತರದ, ಕಡುಕಪ್ಪಿನ ಒಬ್ಬ ತರುಣನಿಗೆ ಶೆಟ್ಟಿ ಎರಡು ಹೇರು ಮೆಣಸು ಕೊಟ್ಟ. ಊರಿಗೆ ತಂದು ದೊರೆಗೆ ಮಾರಿದ. ಒಳ್ಳೆಯ ಲಾಭ ಬಂತು ಅಂತ ಆ ಮನೆಯವರು ಬಹಳ ಕಾಲ ಹೇಳಿಕೊಂಡು ತಿರುಗುತ್ತಿದ್ದರು. ಈಗ ಹೇಳುವುದಿಲ್ಲ.

ಅವನ ಹೆಸರು ಮರ್ಜಾನ. ಅದು ಹಡಗಿನವರು ಇಟ್ಟ ಹೆಸರು. ತಾಯಿ ಇಟ್ಟ ಹೆಸರನ್ನು ಅವನು ಹೇಳಲಿಲ್ಲವಂತೆ. ನಮ್ಮವರು ಕೇಳಲೂ ಇಲ್ಲವಂತೆ. ತನ್ನೂರಿನ ಹೊಳೆಗೆ ಕ್ವಾರಾ ಅನ್ನುತ್ತಾರೆ, ಮಳೆಗಾಲದಲ್ಲಿ ಆಚೆ ದಡ ಕಾಣುವುದಿಲ್ಲ ಅಂತ ಮಾತ್ರ ಹೇಳುತ್ತಿದ್ದನಂತೆ. ಹಾಗಾದರೆ ಅವನು ಈಗಿನ ನೈಜೀರಿಯಾ ಕಡೆಯವನು, ಮರಳುಗಾಡು ದಾಟಿಸಿ ಕೈಯಿಂದ ಕೈಗೆ ಮಾರುತ್ತ ತಂದಿರಬೇಕು ಅಂತ ಓದಿದವರು ಹೇಳುತ್ತಾರೆ. ಇರಬಹುದು.

ದೊರೆ ಅವನನ್ನು ಕುದುರೆ ಲಾಯಕ್ಕೆ ಹಾಕಿದ. ಲಾಯದಲ್ಲಿ ಮಲಗಿ ಮಲಗಿ ಅವನಿಗೆ ಗೊರಸಿನ ಸದ್ದು ಮಾತಿನ ಹಾಗೆ ತಿಳಿಯತೊಡಗಿತಂತೆ. ನೆಲಕ್ಕೆ ಕಿವಿಯಿಟ್ಟು, ಎಷ್ಟು ಕುದುರೆ ಬರುತ್ತಿವೆ, ಯಾವುದು ಕುಂಟುತ್ತಿದೆ ಅಂತ ಹೇಳುತ್ತಿದ್ದನಂತೆ. ಮೂರು ಹರಿದಾರಿ ದೂರದ್ದು ಕೇಳುತ್ತಿತ್ತು ಅಂತ ಒಬ್ಬರು, ಹತ್ತು ಹರಿದಾರಿ ಅಂತ ಇನ್ನೊಬ್ಬರು. ಮಾತು ಸಂತೆಯಿಂದ ಸಂತೆಗೆ ಹೋದಷ್ಟೂ ಹರಿದಾರಿ ಬೆಳೆಯುತ್ತವೆ. ಅರ್ಧ ಹರಿದಾರಿ ಅಂತ ಇಟ್ಟುಕೊಳ್ಳಿ, ಅದೇನು ಕಡಿಮೆಯಲ್ಲ.

ಲಾಯದಿಂದ ಈಟಿಯವರ ಸಾಲಿಗೆ ಬಂದ. ಆಮೇಲೆ ನೂರು ಜನರ ಮೇಲಾಳಾದ. ಒಂದು ಕಾಳಗದಲ್ಲಿ ನಮ್ಮ ದಂಡು ಸೋತು ಹಿಂದಿರುಗುವಾಗ, ಎಲ್ಲರೂ ಹೊಳೆ ದಾಟುವವರೆಗೆ ಇವನು ನಲವತ್ತು ಜನರೊಂದಿಗೆ ಕಡವಿನಲ್ಲಿ ನಿಂತನಂತೆ. ನಾಲ್ಕೇ ಜನ ಅಂತಲೂ ಹೇಳುತ್ತಾರೆ. ಒಬ್ಬನೇ ಅಂತಲೂ ಹೇಳುತ್ತಾರೆ. ಈಚೆ ದಡಕ್ಕೆ ಬಂದಾಗ ಗುರಾಣಿ ಜರಡಿಯಾಗಿತ್ತಂತೆ. ದೊರೆ ಅಲ್ಲೇ ತನ್ನ ಕೈಯ ಕಡಗ ತೆಗೆದು ತೊಡಿಸಿ, ಇವನೇ ನನ್ನ ದಳವಾಯಿ ಅಂದನಂತೆ. ಲಾಯದವನು ಇಡೀ ದಂಡಿಗೆ ದೊಡ್ಡವನಾದ.

ಆದರೆ ಪೇಟೆಗೆ ಅವನು ಬೇಕಾಗಿದ್ದು ಈಟಿಗಾಗಿ ಅಲ್ಲ. ಅಲ್ಲಿಯವರೆಗೆ ದಂಡು ಬಂತೆಂದರೆ ಅಂಗಡಿಗಳ ಬಾಗಿಲು ಬೀಳುತ್ತಿದ್ದವು. ಸಿಪಾಯಿ ಕೈಯಿಟ್ಟ ಮಾಲಿಗೆ ದುಡ್ಡು ಕೇಳುವವರಿಲ್ಲ. ಮರ್ಜಾನ ಅದನ್ನು ನಿಲ್ಲಿಸಿದ. ಒಬ್ಬ ಸಿಪಾಯಿ ಒಂದು ಅಚ್ಚು ಬೆಲ್ಲ ಎತ್ತಿಕೊಂಡು ಹೋದದ್ದಕ್ಕೆ, ಅವನನ್ನು ಅದೇ ಅಂಗಡಿಯಲ್ಲಿ ಹಬ್ಬದವರೆಗೆ ಮೂಟೆ ಹೊರಲು ಹಚ್ಚಿದನಂತೆ. ಹೊತ್ತು ಹೊತ್ತು ಆ ಸಿಪಾಯಿ ಕೊನೆಗೆ ತಾನೇ ಬೆಲ್ಲದ ವ್ಯಾಪಾರಿಯಾದ ಅಂತ ನಗುತ್ತಾರೆ. ಕೆಂಗುಡ್ಡದ ಪೇಟೆ ಬೆಳೆದದ್ದು ಆ ಕಾಲದಲ್ಲಿ. ಜನ ಅವನನ್ನು ಮರ್ಜಾನಪ್ಪ ಅಂತ ಕರೆಯತೊಡಗಿದ್ದೂ ಆಗಲೇ.

ಅಪ್ಪ ಅಂತ ಕರೆದರು ನಿಜ. ಯಾರೂ ಒಳಗೆ ಕರೆಯಲಿಲ್ಲ. ಪಟ್ಟಣಶೆಟ್ಟಿ ಗುರಪಾದಪ್ಪ ಪೇಟೆಗೆಲ್ಲ ಹಿರಿಯ. ಅವನ ಮನೆಗೆ ದಳವಾಯಿ ಬಂದರೂ ಹೊರಗಿನ ಜಗಲಿಯ ಮೇಲೇ ಕೂರುತ್ತಿದ್ದ. ನೀರಿಗೆ ಬೇರೆ ತಂಬಿಗೆ. ಕೈಗೆ ಕೈ ತಾಗದ ಹಾಗೆ ದುಡ್ಡು ಇಡುವುದು, ತೆಗೆಯುವುದು. ದಳವಾಯಿ ಕುದುರೆಯ ತಡಿಯ ಮೇಲಿನ ಬಟ್ಟೆಯನ್ನು ತಾನೇ ತಂದು ಹಾಸಿಕೊಂಡು ಕೂರುತ್ತಿದ್ದನಂತೆ. ಬೇಜಾರಾಗಿತ್ತೋ ಇಲ್ಲವೋ ಯಾರಿಗೆ ಗೊತ್ತು. ಕೇಳಿದವರಿಲ್ಲ.

ಹೀಗಿರುವಾಗ ಒಂದು ಬೇಸಿಗೆ ಬಡಗಣ ದಂಡು ಬಂದು ಕೆಂಗುಡ್ಡಕ್ಕೆ ಮುತ್ತಿಗೆ ಹಾಕಿತು. ಗೋಡೆ ಹತ್ತಲು ಅವರಿಂದ ಆಗಲಿಲ್ಲ, ಒಳಗಿದ್ದವನು ಮರ್ಜಾನಪ್ಪ. ಆಗ ಅವರು ಹಳ್ಳಿಯವರ ಮೇವನ್ನು ಬಿಟ್ಟು, ಉಪ್ಪಿನ ದಾರಿ ಕಟ್ಟಿದರು. ಜೋಳ ಹಗೇವಿನಲ್ಲಿತ್ತು, ನೀರು ಬಾವಿಯಲ್ಲಿತ್ತು, ಉಪ್ಪು ಎಲ್ಲಿಂದ ಬರಬೇಕು? ದನಗಳು ಗೋಡೆ ನೆಕ್ಕಿದವಂತೆ. ಹೆಂಗಸರು ಹಳೆಯ ಉಪ್ಪಿನ ಚೀಲ ನೆನೆಸಿ ಆ ನೀರಲ್ಲಿ ಸಾರು ಮಾಡಿದರಂತೆ. ದಳವಾಯಿ ಪೇಟೆಯವರನ್ನು ಕರೆದು, ಮಳೆ ಬೀಳುವವರೆಗೆ ತಡೆಯಿರಿ, ಮಳೆ ಬಿದ್ದರೆ ಈ ಕರಿನೆಲದಲ್ಲಿ ಅವರ ಕುದುರೆ ಹೂತುಹೋಗುತ್ತವೆ, ತಾವಾಗಿಯೇ ಎದ್ದು ಹೋಗುತ್ತಾರೆ ಅಂದ. ಸುತ್ತಲಿನ ಹಳ್ಳಿಯವರಿಗೆ ದನ ಕೊಟ್ಟು ಮೇವು ತರಲು ಕೋಟೆಬಾಗಿಲ ಹೊರಗೆ ದನದ ಸಂತೆ ನಡೆಯಲಿ, ಆದರೆ ಶತ್ರುವಿನ ಜೊತೆ ಒಂದು ಮಾತೂ ಆಡಬಾರದು ಅಂದ. ಪೇಟೆಯವರೆಲ್ಲ ತಕ್ಕಡಿ ಮುಟ್ಟಿ ಆಣೆ ಮಾಡಿದರು. ಅದನ್ನು ನಂಬಿ ಅವನು, ಮೇವು ತರುವ ಪಟ್ಟಣಶೆಟ್ಟಿಯ ಗಾಡಿಗಳನ್ನು ತಡೆಯಬೇಡಿ ಅಂತ ಕಾವಲಿನವರಿಗೆ ಹೇಳಿಬಿಟ್ಟ.

ದನದ ವ್ಯಾಪಾರ ಹೇಗೆ ನಡೆಯುತ್ತದೆ ನಿಮಗೆ ಗೊತ್ತಲ್ಲ. ಮಾರುವವನು, ಕೊಳ್ಳುವವನು ಒಂದು ವಲ್ಲಿಯ, ಅಂದರೆ ಹೆಗಲ ಬಟ್ಟೆಯ, ಕೆಳಗೆ ಕೈ ಕೈ ಹಿಡಿಯುತ್ತಾರೆ. ಬೆರಳು ಒತ್ತಿದರೆ ಬೆಲೆ. ಬಾಯಿ ತೆರೆಯುವಂತಿಲ್ಲ. ಮಾಲು ಎದುರಿಗೇ ನಿಂತಿರುತ್ತದೆ, ಅದರ ಕಡೆ ಮುಖ ಮಾಡಿದರೆ ಸಾಕು.

ಆ ಸಂತೆಗೆ ಬಡಗಣದವರ ದಲಾಲಿ ಬಂದ, ಎತ್ತಿನ ವ್ಯಾಪಾರಿಯ ವೇಷದಲ್ಲಿ. ಪಟ್ಟಣಶೆಟ್ಟಿಯ ಎದುರಿಗೆ ಕುಳಿತ. ಎರಡು ಕಾಳು ಉಪ್ಪು ತೆಗೆದು ಮಣ್ಣಿನ ಮೇಲಿಟ್ಟ. ಆ ಹೊತ್ತಿಗೆ ದಳವಾಯಿ ಸಂತೆ ನೋಡಲು ಕುದುರೆಯ ಮೇಲೆ ಬಂದ. ದಲಾಲಿ ಅವನ ಕಡೆ ಮುಖ ಮಾಡಿದ, ವಲ್ಲಿ ಹಾಸಿದ. ಪಟ್ಟಣಶೆಟ್ಟಿ ಆ ಉಪ್ಪಿನ ಕಾಳು ನೋಡಿದ. ಆಮೇಲೆ ಕೈ ಒಳಗಿಟ್ಟ. ಆಣೆ ಮಾಡಿದ್ದು ನಾಲಿಗೆಯಿಂದ, ಬೆರಳಿಂದ ಅಲ್ಲ ಅಂತ ಮನಸ್ಸಿಗೆ ಹೇಳಿಕೊಂಡನಂತೆ. ಇಂಥ ಲೆಕ್ಕ ನಮ್ಮವರಿಗೇ ಹೊಳೆಯಬೇಕು. ಸುತ್ತ ನಿಂತ ಪೇಟೆಯವರಿಗೆಲ್ಲ ಗೊತ್ತಾಯಿತು, ಯಾರೂ ಕೆಮ್ಮಲಿಲ್ಲ. ಕಾವಲಿನವರು ಕಿವಿ ಕೊಟ್ಟು ನಿಂತಿದ್ದರು. ಕೇಳಲು ಏನೂ ಇರಲಿಲ್ಲ.

ಮರ್ಜಾನಪ್ಪನಿಗೆ ಏಳು ಭಾಷೆ ಬರುತ್ತಿದ್ದವಂತೆ. ವಲ್ಲಿಯ ಕೆಳಗಿನದೊಂದು ಬರುತ್ತಿರಲಿಲ್ಲ. ಅವನ ಕೈಯನ್ನು ನಮ್ಮವರು ಯಾರೂ ಮುಟ್ಟಿರಲಿಲ್ಲವಲ್ಲ, ಕಲಿಯುವುದಾದರೂ ಹೇಗೆ? ತನ್ನ ಕುದುರೆಯ ಪಕ್ಕ ಕಟ್ಟಿದ್ದ ಬಿಳಿ ಎತ್ತಿನ ಮಾತು ನಡೆದಿದೆ ಅಂದುಕೊಂಡು, ನಗುತ್ತ ಅಂದನಂತೆ:

“ಶೆಟ್ರ, ಮಾಲು ಚಲೋ ಐತಿ. ಕಡಿಮಿಗೆ ಬಿಡಬ್ಯಾಡ್ರಿ.”

ಪಟ್ಟಣಶೆಟ್ಟಿ ಕಡಿಮೆಗೆ ಬಿಡಲಿಲ್ಲ. ಇನ್ನೂರಕ್ಕೆ ಶುರುವಾದದ್ದು ಮುನ್ನೂರಕ್ಕೆ ನಿಂತಿತು.

ಮಾಲು ಒಪ್ಪಿಸುವುದು ಉಳಿದಿತ್ತು. ಮೇವಿನ ಗಾಡಿಗಳಲ್ಲಿ ಬಡಗಣದವರು ಕೆಲವರು ಒಳಗೆ ಬಂದು, ಪಟ್ಟಣಶೆಟ್ಟಿಯ ಮನೆಯ ಖಾಲಿ ಹಗೇವಿನಲ್ಲಿ, ಜೋಳ ತುಂಬುವ ನೆಲದ ಗುಳಿಯಲ್ಲಿ, ಅಡಗಿ ಕುಳಿತರು. ಮರುದಿನ ಪಟ್ಟಣಶೆಟ್ಟಿ ದಳವಾಯಿಯನ್ನು ಊಟಕ್ಕೆ ಕರೆದ. ಹೆಂಡತಿ ಬಾಳವ್ವ ಅಡುಗೆಮನೆಯಿಂದ ಹೊರಗೆ ಬಂದು ನಿಂತಳಂತೆ.

“ಇಷ್ಟ ವರ್ಷ ಹೊರಗ ಕೂಡಿಸಿದವನ್ನ ಇವತ್ತ ಒಳಗ ಕರದೀರಿ. ಅವಗ ಏನ ಬಡಸಾವ್ರು ನೀವು?”

ಆಕೆ ಒಲೆ ಆರಿಸಿ ಹಿತ್ತಲಿಗೆ ಹೋಗಿ ಕುಳಿತಳಂತೆ. ಆದರೆ ಗಂಡನನ್ನು ತಡೆಯಲು ಹೋಗಲಿಲ್ಲ. ಅವಳ ಮಕ್ಕಳೂ ಉಪ್ಪಿಲ್ಲದೆ ಉಣ್ಣುತ್ತಿದ್ದರು.

ಮರ್ಜಾನಪ್ಪ ಒಗೆದ ಅಂಗಿ ತೊಟ್ಟುಕೊಂಡು ಬಂದಿದ್ದನಂತೆ. ಜಗಲಿಯ ಮುಂದೆ ಬಂದು, ನಿಜವಾಗಿಯೂ ಒಳಗೆ ಬರಬೇಕೇ ಅಂತ ಇನ್ನೊಮ್ಮೆ ಕೇಳಿದನಂತೆ. ಊಟಕ್ಕೆ ಬಂದವರು ಕತ್ತಿ ಹೊರಗಿಡುವುದು ಪದ್ಧತಿ. ಇಟ್ಟ. ಬಾಗಿಲು ಗಿಡ್ಡ, ಅವನು ಎತ್ತರ. ತಲೆ ಬಗ್ಗಿಸಿ ಒಳಗೆ ಕಾಲಿಟ್ಟ. ಹಗೇವಿನವರು ಮೇಲೆ ಬಿದ್ದರು.

ಹತ್ತು ಜನರನ್ನು ಕೆಡವಿದ ಅಂತ ಹಾಡುತ್ತಾರೆ. ಅದನ್ನು ನಾನು ಬಿಟ್ಟುಬಿಡುತ್ತೇನೆ. ಅವನು ಕೂಗಿದ್ದರೆ ಬೀದಿಯಲ್ಲಿದ್ದ ಅವನ ಈಟಿಯವರು ಬರುತ್ತಿದ್ದರು, ಪೇಟೆಯಲ್ಲಿ ಒಂದು ಮನೆಯೂ ಉಳಿಯುತ್ತಿರಲಿಲ್ಲ. ಅವನು ಕೂಗಲಿಲ್ಲ. ಇಷ್ಟನ್ನು ಎಲ್ಲರೂ ಒಂದೇ ರೀತಿ ಹೇಳುತ್ತಾರೆ. ಕೈ ಕಟ್ಟಿಸಿಕೊಂಡು ಪಟ್ಟಣಶೆಟ್ಟಿಯ ಮುಖ ನೋಡಿ ಕೇಳಿದನಂತೆ:

“ಬಂದರದಾಗ ಎರಡು ಹೇರು ಮೆಣಸು. ಈ ಸಲ ಎಷ್ಟು, ಶೆಟ್ರ?”

ಪಟ್ಟಣಶೆಟ್ಟಿ ಹೇಳಿದ. ವ್ಯಾಪಾರಿ ತಾನೇ, ಬೆಲೆ ಕೇಳಿದರೆ ಹೇಳಲೇಬೇಕು.

“ಹಂಗಾದ್ರ ನಿಮ್ಮ ಊರಾಗ ಇದ್ದು ನನ್ನ ಬೆಲಿ ಏರೇತಿ” ಅಂದನಂತೆ.

ಕಾವಲಿನವರು ತಡೆಯದ ಅದೇ ಮೇವಿನ ಗಾಡಿಯಲ್ಲಿ ಅವನನ್ನು ಹೊರಗೆ ಸಾಗಿಸಿದರಂತೆ, ಅಲ್ಲಿಂದ ಎಲ್ಲಿಗೆ ಒಯ್ದರೋ ತಿಳಿಯದು. ಕ್ವಾರಾ ಹೊಳೆಯ ಕಡೆಗೆ ಒಬ್ಬನೇ ನಡೆದು ಹೋದ ಅನ್ನುವವರಿದ್ದಾರೆ. ಅದು ನಮ್ಮ ಸಮಾಧಾನಕ್ಕೆ ಕಟ್ಟಿದ ಮಾತು. ದಳವಾಯಿ ಇಲ್ಲದ ಕೋಟೆ ಎಷ್ಟು ಹೊತ್ತು ನಿಂತೀತು? ದೊರೆ ಬಾಗಿಲು ತೆಗೆಸಿದ. ಉಪ್ಪು ಬಂತು, ಒಂದು ಹೇರೂ ಕಡಿಮೆಯಾಗದೆ ಬಂತು. ಅದರ ಬೆನ್ನಿಗೇ ಮಳೆ ಬಂತು. ಹೊರಗಿನ ಕರಿನೆಲದಲ್ಲಿ ಬಡಗಣದವರ ಕುದುರೆಗಳು ಹೊಟ್ಟೆಯವರೆಗೆ ಹೂತುಕೊಂಡು ನಿಂತವು, ಅವನು ಹೇಳಿದ ಹಾಗೆಯೇ. ಆದರೆ ಅಷ್ಟರಲ್ಲಿ ದಂಡು ಗೋಡೆಯ ಒಳಗಿತ್ತು. ಹೊಸ ಸಿಪಾಯಿಗಳು ಅಂಗಡಿಯಲ್ಲಿ ಕೈಯಿಟ್ಟ ಮಾಲಿಗೆ ದುಡ್ಡು ಕೇಳುವವರು ಯಾರೂ ಇರಲಿಲ್ಲ.

ಆ ಉಪ್ಪು ಕಹಿಯಾಗಿತ್ತು ಅಂತ ಕಥೆ ಕಟ್ಟಿದ್ದಾರೆ. ಸುಳ್ಳು. ಉಪ್ಪು ಉಪ್ಪಾಗಿಯೇ ಇತ್ತು, ನಾಚಿಕೆ ಉಂಡವರದು. ಬರದಲ್ಲಿ ಮನುಷ್ಯ ಏನು ಬೇಕಾದರೂ ಮಾರುತ್ತಾನೆ, ಅದಕ್ಕೆ ನಾನು ಏನೂ ಅನ್ನುವುದಿಲ್ಲ. ಆದರೆ ಒಮ್ಮೆ ಮಾರಿ ಹಣ ಎಣಿಸಿಕೊಂಡ ಮಾಲು ನಮ್ಮದಲ್ಲ. ಅದನ್ನು ಎರಡನೆಯ ಸಲ ಮಾರುವುದಕ್ಕೆ ನಮ್ಮ ಕಸುಬಿನಲ್ಲಿ ಕಳ್ಳತನ ಅಂತಾರೆ. ಅವನನ್ನು ಮೊದಲನೆಯ ಸಲ ಮಾರಿದ್ದಕ್ಕೆ ಯಾವ ಹೆಸರೋ, ಅದು ನನಗೆ ಈ ಕಸುಬಿನಲ್ಲಿ ಸಿಕ್ಕಿಲ್ಲ.

ಕೆಂಗುಡ್ಡದ ಸಂತೆಯಲ್ಲಿ ಇವತ್ತಿಗೂ ವಲ್ಲಿಯ ಕೆಳಗೆ ವ್ಯಾಪಾರ ಇಲ್ಲ. ಕುರಿಮರಿಯಿಂದ ಹಿಡಿದು ಜೋಡೆತ್ತಿನವರೆಗೆ ಬೆಲೆಯನ್ನು ಕೂಗಿಯೇ ಹೇಳುತ್ತಾರೆ. ಹೊರಗಿನವರು ಕಿವುಡರ ಸಂತೆ ಅಂತ ನಗುತ್ತಾರೆ. ಅಂಗಡಿಗೆ ಯಾರೇ ಬರಲಿ, ಮಾತು ಶುರುವಾಗುವ ಮೊದಲು ಒಳಗೆ ಕರೆದು ಗಾದಿಯ ಮೇಲೆ ಕೂರಿಸುತ್ತಾರೆ. ಮಳೆಗಾಲದ ಮೊದಲ ಮಳೆ ಬಿದ್ದ ದಿನ ಪೇಟೆಯ ಯಾವ ಮನೆಯಲ್ಲೂ ಸಾರಿಗೆ ಉಪ್ಪು ಹಾಕುವುದಿಲ್ಲ. ಮಕ್ಕಳು ಯಾಕೆ ಅಂತ ಕೇಳಿದರೆ ಹಿರಿಯರು ತಟ್ಟೆ ನೋಡುತ್ತ ಉಣ್ಣುತ್ತಾರೆ.

ಇನ್ನು ಗಳಿಕೆಯ ಮಾತು. ಬಂದ ಉಪ್ಪು ಮುನ್ನೂರು ಹೇರು. ಮಳೆಯಲ್ಲಿ ಕರಗಿದ್ದು, ಹೊಸ ಸಿಪಾಯಿಗಳು ಹೊತ್ತುಕೊಂಡು ಹೋದದ್ದು ಕಳೆದು, ಊರಿನ ಮಡಕೆಗಳಿಗೆ ಸೇರಿದ್ದು ನೂರಾ ಎಂಬತ್ತು. ಅದು ದೀಪಾವಳಿಯವರೆಗೆ ಬಂತು.