ಎರಡುದೀಪದವ್ವನ ಹಣೆಗಲ್ಲು

ಬಹಳ ಹಿಂದೆ, ಗುಡ್ಡದ ಸೆರಗಿನ ಒಂದೂರಲ್ಲಿ, ಕಾರಹುಣ್ಣಿಮೆಯ ಮಾರನೇ ದಿನ ಗಾದಿಲಿಂಗ ಅನ್ನೋ ಹುಡುಗ ಮನೆ ಬಿಟ್ಟು ನಡೆದ. ಎತ್ತಿನ ಕೊಂಬಿನ ಬಣ್ಣ ಇನ್ನೂ ಮಾಸಿರಲಿಲ್ಲವಂತೆ. ಯಾವ ವರ್ಷ ಅಂತ ಕೇಳಬೇಡಿ, ನಮ್ಮಜ್ಜನ ಅಜ್ಜನಿಗೂ ಅದು ಹಳೇ ಮಾತೇ.

ಅವನನ್ನು ಮಠದ ಐಗಳ ಹತ್ತಿರ ಅಕ್ಷರ ಕಲಿಯಲು ಬಿಟ್ಟಿದ್ದರು. ಅವನೋ ಅಕ್ಷರ ಬಿಟ್ಟು ಬಳಪವನ್ನೇ ನೋಡುತ್ತ ಕೂತ. ಬಳಪ ಕಲ್ಲಿನ ಮೇಲೆ ಬರೆಯುತ್ತೆ, ಕಲ್ಲು ಯಾಕೆ ಬಳಪದ ಹಾಗೆ ಸವೆಯೋದಿಲ್ಲ ಅಂತ ಕೇಳಿದ. ಐಗಳು ಬೆನ್ನ ಮೇಲೆ ಬಾಸುಂಡೆ ಬರಿಸಿದರು. ಹುಡುಗ ಬಳಪವನ್ನು ಚಡ್ಡಿಯ ಮಡಿಕೆಗೆ ಸಿಕ್ಕಿಸಿಕೊಂಡು ಎದ್ದವನು ತಿರುಗಿ ಬರಲಿಲ್ಲ.

ಆಮೇಲೆ ಅವನು ಕಲ್ಲು ಓದೋದನ್ನು ಕಲಿತ ಅಂತಾರೆ. ಅವನ ಜೋಳಿಗೆಯಲ್ಲಿ ಒಂದು ಕಬ್ಬಿಣದ ಮೊಳೆ, ಒಂದು ತಾಮ್ರದ ದುಡ್ಡು, ಒಂದು ನಿಂಬೆಹಣ್ಣು, ಒಂದು ಒಡೆದ ಹಂಚಿನ ಚೂರು. ಅಷ್ಟೇ ಅವನ ಆಸ್ತಿ. ಕಲ್ಲು ಸಿಕ್ಕರೆ ಅಂಗೈಯಲ್ಲಿ ತೂಗುತ್ತಿದ್ದ, ಉಗುರಿನಿಂದ ಗೀರುತ್ತಿದ್ದ, ನಾಲಿಗೆಗೆ ತಾಗಿಸುತ್ತಿದ್ದ, ಕೊನೆಗೆ ಹಂಚಿನ ಮೇಲೆ ಉಜ್ಜುತ್ತಿದ್ದ. ಕರೀ ಕಲ್ಲು ಹಂಚಿನ ಮೇಲೆ ಕೆಂಪು ಗೆರೆ ಬಿಟ್ಟರೆ, ಕಮ್ಮಾರರನ್ನು ಕರೆದು ಇದು ಕಬ್ಬಿಣದ ಅದಿರು, ಒಯ್ಯಿರಿ ಅನ್ನುತ್ತಿದ್ದ. ಬಂಗಾರ ಸಿಕ್ಕಿತು ಅಂತ ಕುಣಿಯುತ್ತ ಬಂದವನ ಕೈಯಿಂದ ಕಲ್ಲು ಇಸಿದುಕೊಂಡು, ಹಾಳೆ ಹಾಳೆಯಾಗಿ ಬಿಡಿಸಿ, ಇದು ಕಾಗೆಬಂಗಾರ ಕಣಪ್ಪ, ಮಕ್ಕಳಿಗೆ ಆಡಲು ಕೊಡು ಅನ್ನುತ್ತಿದ್ದ. ನೆಕ್ಕಿದ ಕಲ್ಲು ಗುಡ್ಡದ ಯಾವ ಮಗ್ಗುಲಿನದು ಅಂತಲೂ ಹೇಳುತ್ತಿದ್ದನಂತೆ. ಅದು ಸುಳ್ಳಿರಬಹುದು. ಉಳಿದದ್ದು ಸುಳ್ಳಲ್ಲ.

ಹಾಗೆ ತಿರುಗುತ್ತ ತಿರುಗುತ್ತ ಒಂದು ಉಗಾದಿಗೆ ಕಣಿವೆಹಾಳಿಗೆ ಬಂದ. ಅಲ್ಲಿಯ ದೇವಿ ಎರಡುದೀಪದವ್ವ. ಅವಳ ಹಣೆಯಲ್ಲಿ ಹೆಬ್ಬೆರಳಿನಷ್ಟು ದಪ್ಪದ, ನೀರಿನಂಥ ಕಲ್ಲು. ಊರವರು ಅದನ್ನು ವಜ್ರ ಅನ್ನುತ್ತಿದ್ದರು. ಉಗಾದಿಯ ದಿನ ಪೂಜಾರಿ ಕಲ್ಲನ್ನು ಕಳಚಿ ದೀಪದ ಮುಂದೆ ಹಿಡಿಯುತ್ತಿದ್ದ. ಅದರೊಳಗಿಂದ ನೋಡಿದರೆ ಒಂದು ದೀಪ ಎರಡಾಗಿ ಕಾಣುತ್ತಿತ್ತು. ಅವ್ವ ಎರಡು ಕಣ್ಣು ಬಿಟ್ಟಳು ಅಂತ ಊರೆಲ್ಲ ಕೆನ್ನೆ ಬಡಿದುಕೊಳ್ಳುತ್ತಿತ್ತು.

ಗಾದಿಲಿಂಗನೂ ಸರದಿಯಲ್ಲಿ ನಿಂತು ನೋಡಿದ. ಅಭ್ಯಾಸಬಲ, ನಾಲಿಗೆಗೂ ತಾಗಿಸಿದ. ಪೂಜಾರಿ ಸಿದ್ರಾಮಯ್ಯ ಗದರಿ ಕಲ್ಲನ್ನು ಹಿಂದಕ್ಕೆಳೆದುಕೊಂಡ. ಅದು ಎಂಥ ಕಲ್ಲು ಅಂತ ಗಾದಿಲಿಂಗನಿಗೆ ಗೊತ್ತಾಗಿಹೋಗಿತ್ತು. ಆದರೆ ಅವನು ಸುಮ್ಮನೆ ನಕ್ಕ, ಏನೂ ಹೇಳಲಿಲ್ಲ. ಹೋಳಿಗೆ ಉಂಡು ನಡೆದುಬಿಟ್ಟ.

ಆವತ್ತು ಬಾಯಿ ಬಿಟ್ಟಿದ್ದರೆ ಚೆನ್ನಾಗಿತ್ತು ಅಂತಾರೆ.

ಮುಂದಿನ ಉಗಾದಿಗೆ ಅವನು ಮತ್ತೆ ಬಂದಾಗ ಗುಡಿಯ ಮುಂದೆ ಪಂಚಾಯ್ತಿ ಕೂತಿತ್ತು. ನಡುವೆ ಪೂಜಾರಿಯ ವಿಧವೆ ಸೊಸೆ ಹುಲಿಗೆವ್ವ, ಪಕ್ಕದಲ್ಲಿ ಅವಳ ಎರಡು ಮಕ್ಕಳು. ಕಲ್ಲು ಮಂಜು ಕವಿದಂತೆ ಮಬ್ಬಾಗಿತ್ತು. ಎರಡು ದೀಪವಿರಲಿ, ಒಂದೂ ಕಾಣುತ್ತಿರಲಿಲ್ಲ. ಇವಳು ವಜ್ರ ಕದ್ದು ಬೇರೆ ಕಲ್ಲಿಟ್ಟಿದ್ದಾಳೆ, ಅಮಾಸೆಯೊಳಗೆ ತಂದಿಡದಿದ್ದರೆ ಊರು ಬಿಡಬೇಕು ಅಂತ ತೀರ್ಮಾನವಾಗಿತ್ತು. ಅವಳ ಅತ್ತೆ ಬದುಕಿರುವ ತನಕ ಆ ಕಲ್ಲನ್ನು ಒಣಬಟ್ಟೆಯಲ್ಲಿ ಒರೆಸುತ್ತಿದ್ದಳು. ಯಾಕೆ ಅಂತ ಸೊಸೆಗೆ ಹೇಳದೆ ಸತ್ತಳು. ಹುಲಿಗೆವ್ವ ಅವ್ವನ ಕಲ್ಲು ಇನ್ನೂ ಹೊಳೆಯಲಿ ಅಂತ ಹಿತ್ತಾಳೆ ದೀಪಗಳ ಜೊತೆ ಮೂರು ದಿನ ಹುಣಸೆ ನೀರಿನಲ್ಲಿ ನೆನೆಹಾಕಿದ್ದಳು.

ಅದನ್ನು ಕೇಳಿದ್ದೇ ಗಾದಿಲಿಂಗ ತನ್ನನ್ನೇ ಬೈದುಕೊಂಡ. ಹೋದ ವರ್ಷ ಒಂದು ಮಾತು ಹೇಳಿದ್ದರೆ, ಹುಳಿ ಮುಟ್ಟಿಸಬೇಡಿ ಅಂದಿದ್ದರೆ!

ಮುಂದೆ ಬಂದು, ಇವಳು ಕದ್ದಿಲ್ಲ, ಕಲ್ಲು ಅದೇ ಅಂದ. ಮೊಳೆಯಿಂದ ಕಲ್ಲಿನ ಹಿಂಬದಿ ಗೀರಿದ. ಗೀರು ಬಿತ್ತು. ವಜ್ರಕ್ಕೆ ಮೊಳೆ ನಾಟೋದಿಲ್ಲ ಅಂದ. ಆಮೇಲೆ ಊರ ಹೊರಗಿನ ಸುಣ್ಣದ ಭಟ್ಟಿಗೆ ಹೋಗಿ, ಸುಡಲು ಒಟ್ಟಿದ್ದ ಕಲ್ಲಿನ ರಾಶಿ ಕೆದಕಿ, ಒಂದು ತಿಳಿಯಾದ ಕಲ್ಲು ಹುಡುಕಿ ತಂದ. ತಟ್ಟಿದ. ಅದು ವಾಲಿದ ಇಟ್ಟಿಗೆಯಂತೆ ಓರೆಯಾಗಿ ಒಡೆಯಿತು. ಹಣೆಗಲ್ಲಿನ ಅಂಚೂ ಅದೇ ಓರೆ. ಆ ಚೂರನ್ನು ದೀಪದ ಮುಂದೆ ಹಿಡಿದು, ನೋಡಿ ಗೌಡ್ರೆ ಅಂದ. ಗೌಡರು ಬಗ್ಗಿ ನೋಡಿದರು.

ಎರಡು ದೀಪ.

ಅದರ ಮೇಲೆ ನಿಂಬೆಹುಳಿ ಹಿಂಡಿದ. ಬುಸುಬುಸು ನೊರೆ ಬಂದು ಮಬ್ಬಾಯಿತು.

"ಹಂಗಾರೆ ನಮ್ಮ ತಾತ ಮುತ್ತಾತರೆಲ್ಲ ಎಲೆಅಡಿಕೆ ಸುಣ್ಣಕ್ಕೆ ಕೈ ಮುಗುದ್ರೇನ್ಲೇ?" ಅಂದರು ಗೌಡರು.

"ಕಲ್ಲು ತಾನು ವಜ್ರ ಅಂತ ಯಾವತ್ತೂ ಹೇಳಿಲ್ರೀ. ಅಂದೋರು ನೀವು."

ಅದು ಅವನು ಆಡಬಾರದಿದ್ದ ಮಾತು. ಸಿದ್ರಾಮಯ್ಯ ಎದ್ದು ನಿಂತ. ಹೋದ ವರ್ಷ ಇದೇ ಭಿಕಾರಿ ಅವ್ವನ ವಜ್ರವನ್ನು ನೆಕ್ಕಿದ್ದ, ಇವನ ಎಂಜಲಿಗೇ ಅದು ಸುಣ್ಣವಾಗಿದೆ ಅಂದ. ಊರಿಗೆ ಹೋದ ಉಸಿರು ಬಂದಂತಾಯಿತು. ಹೌದು ಹೌದು, ನೆಕ್ಕಿದ್ದ, ನಾನೂ ಕಂಡಿದ್ದೆ ಅಂದರು ಎಲ್ಲರೂ. ಗೌಡರು ಹುಲಿಗೆವ್ವನ ಕಡೆ ತಿರುಗಿದರು.

"ನೀನೇ ಹೇಳಬೇ. ಇವನು ನೆಕ್ಕಿದ ಮ್ಯಾಲೇ ಅಲ್ಲೇನು ಕಲ್ಲು ಮಬ್ಬಾಗಿದ್ದು?"

ಹುಲಿಗೆವ್ವ ಗಾದಿಲಿಂಗನನ್ನು ನೋಡಿದಳು. ಮಕ್ಕಳನ್ನು ನೋಡಿದಳು.

"ಹೌದ್ರಿ," ಅಂದಳು.

ಅವಳ ಮೇಲಿನ ಕಳ್ಳತನದ ಮಾತು ಹೋಯಿತು. ಇವನ ಮೇಲೆ ಕಲ್ಲು ಬಿದ್ದವು. ಎಂಥ ಕಲ್ಲು ಅಂತ ಅವನಿಗೆ ಒಂದೊಂದೂ ಗೊತ್ತಿತ್ತು ಅಂತಾರೆ.

ಈಗಲೂ ಆ ಗುಡಿಯೊಳಗೆ ಹುಣಸೆ, ನಿಂಬೆ ಒಯ್ಯುವಂತಿಲ್ಲ. ಅವ್ವನಿಗೆ ಹುಳಿ ಆಗಿಬರೋದಿಲ್ಲ ಅಂತಾರೆ, ಯಾಕೆ ಅಂತ ಯಾರೂ ಹೇಳೋದಿಲ್ಲ. ಹಣೆಯಲ್ಲಿ ಈಗ ಗಾಜಿದೆ. ಬಾಗಿಲ ಬಳಿ, ಭಟ್ಟಿಯ ಕಡೆಯಿಂದ ಯಾರೋ ತಂದಿಟ್ಟ ಒಂದು ಹಂಚಿನ ಚೂರಿದೆ, ಅದರ ಹೆಸರು ಒರೆಯಪ್ಪ. ತಮ್ಮ ಮೇಲೆ ಕಳ್ಳತನದ ಮಾತು ಬಂದ ಹೆಂಗಸರು ಅದರ ಮೇಲೆ ಕೈಯಿಟ್ಟು ಆಣೆ ಮಾಡುತ್ತಾರೆ. ಎಣ್ಣೆ ಕುಂಕುಮ ಮೆತ್ತಿ ಮೆತ್ತಿ, ಈಗ ಅದರ ಮೇಲೆ ಯಾವ ಕಲ್ಲು ಉಜ್ಜಿದರೂ ಗೆರೆ ಮೂಡೋದಿಲ್ಲ. ಉಜ್ಜುವವರೂ ಇಲ್ಲ.

ಆವತ್ತು ಭಟ್ಟಿಯ ಹತ್ತಿರ ಗಾದಿಲಿಂಗ ನೆತ್ತಿಯ ರಕ್ತ ಒರೆಸಿಕೊಳ್ಳುತ್ತ ಕೂತಿದ್ದಾಗ ಹುಲಿಗೆವ್ವ ಬಂದಳಂತೆ. ಅವನೇ ಅಂದ: "ಹೋಗಬೇ ತಂಗಿ. ಯಾರಾದ್ರೂ ಕಂಡಾರು."

ಜೋಳಿಗೆಗೆ ಮೊಳೆ ಹಾಕಿದ. ತಾಮ್ರದ ದುಡ್ಡು ಹಾಕಿದ. ಹಂಚನ್ನು ತಿರುಗಿಸಿ ನೋಡಿದ. ಎರಡೂ ಬದಿ ಗೆರೆ, ಹೊಸ ಕಲ್ಲಿಗೆ ಜಾಗವಿರಲಿಲ್ಲ. ಅದನ್ನು ಅಲ್ಲೇ ನೆಲಕ್ಕಿಟ್ಟು, ಜೋಳಿಗೆಯ ಬಾಯಿ ಬಿಗಿಯತೊಡಗಿದ.