ಊರ ಮುಂದಿನವರು

ಜರ್ಮನಿಯ ಹಳೆಯ ಪಟ್ಟಣವೊಂದರ ಕೋಟೆಬಾಗಿಲಿನ ಬಳಿ ಬಸುರಿ ಗುಬ್ಬಚ್ಚಿಯೊಂದು ಬಂದು, ಗೂಡಿಗೆ ಒಂದು ಸಂದು ಕೇಳಿತು.

"ಎಲ್ಲಿಯವಳು ನೀನು?" ಬಾಗಿಲು ಕೇಳಿತು.

"ಇಲ್ಲೇ ಎದುರಿನ ಬಡಾವಣೆಯವಳು, ಅಜ್ಜಾ."

"ಅದಕ್ಕೆ 'ಫೋರ್‌ಷ್ಟಾಟ್' ಎನ್ನುತ್ತಾರೆ. ಊರ ಮುಂದಿನದು ಎಂದರ್ಥ. ನನ್ನ ಸಂದುಗಳು ಊರೊಳಗಿನವರಿಗೆ ಮೀಸಲು," ಎಂದಿತು ಬಾಗಿಲು.

ಗುಬ್ಬಚ್ಚಿ ಟ್ರಾಮ್ ನಿಲ್ದಾಣದ ಸೂರಿನಲ್ಲಿ ಗೂಡು ಕಟ್ಟಿತು. ಗಾಳಿಗೆ ಮೊಟ್ಟೆಗಳು ಉರುಳಿ ಒಡೆದವು.

ಮರುವರ್ಷ ರಸ್ತೆ ಅಗಲ ಮಾಡುವವರು ಬಾಗಿಲನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಆ ಬಡಾವಣೆಯನ್ನೂ ದಾಟಿ, ಒಂದು ಉದ್ಯಾನದಲ್ಲಿ ನಿಲ್ಲಿಸಿದರು. ಗುಬ್ಬಚ್ಚಿ ಅಲ್ಲಿಗೂ ಬಂತು.

"ಈ ಜಾಗಕ್ಕೆ ಏನೆನ್ನುತ್ತಾರೆ, ಮಗಳೇ?" ಬಾಗಿಲು ಮೆಲ್ಲಗೆ ಕೇಳಿತು.

"'ಫೋರ್‌ಓರ್ಟ್', ಅಜ್ಜಾ. ಇದೂ ಊರ ಮುಂದಿನದೇ. ಅದಕ್ಕೇಕೆ ಬೇಸರ? ಬಾಗಿಲು ಎಂದಮೇಲೆ ಊರ ನಡುವೆ ಇದ್ದದ್ದುಂಟೇ?"

ಬಾಗಿಲು, "ಗಾಳಿ ಬಡಿಯದ ಸಂದು ಎಡಗಡೆಗಿದೆ," ಎಂದಿತು.