ಕೋಳಿ ಕಾವು ಕೂತ ಗೇರಿನ ಗುಂಡು

ಮಕ್ಕಳೇ, ಕಾಲು ಮಡಚಿ ಕೂತ್ಕೊಳ್ಳಿ. ಬಾಯಿಗೆ ಬೀಗ ಹಾಕಿ. ಕಿವಿಯ ಬಾಗಿಲು ತೆಗೀರಿ. ಕತೆ ಬಂತು.

ಒಂದೂರಲ್ಲಿ ಸಾಕಜ್ಜಿ ಅಂತ ಒಬ್ಬಳು ಅಜ್ಜಿ. ಅಜ್ಜಿಗೆ ಒಂದು ಕಾರು ಸಿಕ್ಕಿತು. ಎಂಥಾ ಕಾರು? ಇಬ್ಬರೇ ಕೂರುವ ಕಾರು. ಹಿಂದಿನ ಕಾಲದಲ್ಲಿ ಗಾಳಿ ಹಾಗೆ ಓಡಿದ ಕಾರು. ಈಗ ಹಳೇ ಬಂಗಲೆಯ ಹಿತ್ತಲಲ್ಲಿ ಬಿದ್ದಿತ್ತು. ಮೈಯೆಲ್ಲಾ ತುಕ್ಕು. ತುಕ್ಕಿನ ಮೇಲೆ ಕುಂಬಳದ ಬಳ್ಳಿ.

ಅಜ್ಜಿ ಅದನ್ನು ಎತ್ತಿನ ಗಾಡಿಗೆ ಹೇರಿಸಿ ಮನೆಗೆ ತಂದಳು. ಮೂರು ವರ್ಷ ರಿಪೇರಿ ಮಾಡಿದಳು. ತುಕ್ಕು ಉಜ್ಜಿದಳು. ಎಂಜಿನ್ ಬಿಚ್ಚಿದಳು. ಸೀಮೆಎಣ್ಣೆಯಲ್ಲಿ ತೊಳೆದಳು. ಹಪ್ಪಳದ ಹಾಗೆ ಮೊರದಲ್ಲಿ ಹರಡಿ ಒಣಗಿಸಿದಳು. ಅಲ್ಯೂಮಿನಿಯಂ ತಗಡು ತಂದಳು. ಒರಳುಕಲ್ಲಿನ ಮೇಲಿಟ್ಟು ಟಣ್ ಟಣ್ ಅಂತ ತಟ್ಟಿ, ಕಾರಿಗೆ ಹೊಸ ಮೈ ಮಾಡಿದಳು.

"ಬಾಗಿಲು ಹಾಕಲ್ವಾ ಅಜ್ಜಿ?" ಅಂದರು ಊರವರು.

"ಬೇಡ. ಭಾರ."

"ಮೇಲೆ ಸೂರು?"

"ಬೇಡ. ಭಾರ."

ಕಾರು ಎಷ್ಟು ಹಗುರ ಆಯ್ತು ಗೊತ್ತಾ? ಅಜ್ಜಿ ಒಂದು ಕೈಲಿ ಕಾರಿನ ಮೂತಿ ಎತ್ತಿ, ಇನ್ನೊಂದು ಕೈಲಿ ಅದರ ಕೆಳಗೆ ಕಸ ಗುಡಿಸುತ್ತಿದ್ದಳು!

ಆಚೆ ಊರಲ್ಲಿ ಅಜ್ಜಿಯ ತಂಗಿ ಚಿಕ್ಕತಾಯಿ ಇದ್ದಳು. "ಕಾರು ಆಗಲಿ, ನಿನ್ನ ಕರ್ಕೊಂಡು ಸುತ್ತಾಡ್ತೀನಿ" ಅಂತ ಅಜ್ಜಿ ಮಾತು ಕೊಟ್ಟಿದ್ದಳು. ಚಿಕ್ಕತಾಯಿ ಅವತ್ತೇ ಚೀಲ ಕಟ್ಟಿ ಹೊಸಿಲ ಮೇಲೆ ಕೂತಳು. ಮೂರು ವರ್ಷ ಕೂತಳು. ಆಮೇಲೆ ಒಂದು ದಿನ ಬೆಳಿಗ್ಗೆ ಫೋನು ಮಾಡಿದಳು.

"ಅಕ್ಕಾ, ಹೊತ್ತು ಮುಳುಗೋದರೊಳಗೆ ಬಾ. ಬರದಿದ್ರೆ ಚೀಲ ಬಿಚ್ಚಿ ಒಳಗೆ ಹೋಗ್ತೀನಿ. ಆಮೇಲೆ ನಿನ್ನ ಕಾರೂ ಬೇಡ, ನೀನೂ ಬೇಡ."

"ಬಂದೆ ಕಣೇ!" ಅಂದಳು ಅಜ್ಜಿ.

ಕಾರಿಗೆ ಒಂದೇ ಒಂದು ಸಾಮಾನು ಕೂರಿಸೋದು ಬಾಕಿ. ಗೇರಿನ ಗುಂಡು. ಗೇರಿನ ಕೋಲಿನ ತುದಿಗೆ ತಿರುಗಿಸಿ ಹಾಕುವ ಗುಂಡು. ಬೆಳ್ಳಗೆ, ದುಂಡಗೆ, ನುಣ್ಣಗೆ. ಅಜ್ಜಿ ಅದನ್ನು ತೊಳೆದು ಬುಟ್ಟಿಯಲ್ಲಿ ಇಟ್ಟಿದ್ದಳು. ಹೋಗಿ ನೋಡಿದಳು. ಗುಂಡು ಕಾಣಲ್ಲ! ಬುಟ್ಟಿಯಲ್ಲಿ ಕೋಳಿ ಕೂತಿದೆ!

ಗುಂಡಿಲ್ಲದೆ ಗೇರು ಹಾಕಿ ನೋಡಿದಳು. ಕೋಲಿನ ತುದಿ ಚುರ್ ಅಂತ ಅಂಗೈಗೆ ಚುಚ್ಚಿತು. ಗೇರು ಬೀಳಲಿಲ್ಲ. ಕಾರು ಓಡಲಿಲ್ಲ.

"ಕೋಳೀ, ಕೋಳೀ, ಏಳು. ನೀನು ಕೂತಿರೋದು ನನ್ನ ಗೇರಿನ ಗುಂಡಿನ ಮೇಲೆ."

"ಕೊಕ್ಕೊಕ್ಕೊ! ಇದು ಮೊಟ್ಟೆ. ನಾನು ಕಾವು ಕೂತಿದ್ದೀನಿ."

"ಗೇರಿನ ಗುಂಡು ಮರಿ ಆಗುತ್ತೇನೇ?"

"ಆಗುತ್ತೆ. ಕಾರುಮರಿ ಆಗುತ್ತೆ."

ಅಜ್ಜಿ ಕೈ ಹಾಕಿದಳು. ಕೋಳಿ ಕುಟುಕ್ ಅಂತ ಕುಟುಕಿತು.

"ಒಂದು ಹಿಡಿ ನುಚ್ಚು ತಾ. ಆಗ ಏಳ್ತೀನಿ" ಅಂತು ಕೋಳಿ.

ಅಜ್ಜಿ ಅಡುಗೆಮನೆಗೆ ಓಡಿದಳು. ಒಂದು ಡಬ್ಬ ತೆಗೆದಳು, ನಟ್ಟು. ಎರಡನೇ ಡಬ್ಬ ತೆಗೆದಳು, ಬೋಲ್ಟು. ಮೂರನೇ ಡಬ್ಬ ತೆಗೆದಳು, ಗ್ರೀಸು. ನುಚ್ಚಿಲ್ಲ!

ಅಜ್ಜಿ ಗಿರಣಿ ಮಾದಪ್ಪನ ಹತ್ತಿರ ಹೋದಳು.

"ಮಾದಪ್ಪಾ, ನುಚ್ಚು ಕೊಡಪ್ಪ. ನುಚ್ಚಿಲ್ಲದೆ ಕೋಳಿ ಏಳಲ್ಲ. ಕೋಳಿ ಏಳದೆ ಗುಂಡು ಸಿಗಲ್ಲ. ಗುಂಡಿಲ್ಲದೆ ಕಾರು ಓಡಲ್ಲ. ತಂಗಿ ಕಾಯ್ತಿದ್ದಾಳೆ!"

"ಎಲ್ಲಿಂದ ಕೊಡ್ಲಿ ಅಜ್ಜಿ? ಗಿರಣಿ ಬೆಲ್ಟು ಹರಿದಿದೆ. ಬೆಲ್ಟು ಹೊಲಿಸ್ಕೊಂಡು ಬಾ, ನುಚ್ಚು ಕೊಡ್ತೀನಿ."

ಅಜ್ಜಿ ಬೆಲ್ಟು ಹೆಗಲಿಗೆ ಹಾಕಿಕೊಂಡಳು. ಸೀಟು ಹೊಲಿಯುವ ಬಾಷಾ ಸಾಬರ ಹತ್ತಿರ ಹೋದಳು.

"ಸಾಬ್ರೇ, ಬೆಲ್ಟು ಹೊಲಿದುಕೊಡಿ. ಬೆಲ್ಟಿಲ್ಲದೆ ನುಚ್ಚಿಲ್ಲ. ನುಚ್ಚಿಲ್ಲದೆ ಕೋಳಿ ಏಳಲ್ಲ. ಕೋಳಿ ಏಳದೆ ಗುಂಡು ಸಿಗಲ್ಲ. ಗುಂಡಿಲ್ಲದೆ ಕಾರು ಓಡಲ್ಲ. ತಂಗಿ ಕಾಯ್ತಿದ್ದಾಳೆ!"

ಬಾಷಾ ಸಾಬರು ಬೆಲ್ಟು ನೋಡಿದರು. ದಪ್ಪ ಬೆಲ್ಟು. "ಇದಕ್ಕೆ ದಬ್ಬಣ ಬೇಕಮ್ಮ. ನನ್ನ ದಬ್ಬಣ ನಿಮ್ಮ ಕಾರಿನ ಸೀಟು ಹೊಲಿದೇ ಮುರಿದುಹೋಯ್ತು! ಹೊಸ ದಬ್ಬಣ ತನ್ನಿ, ಹೊಲಿದುಕೊಡ್ತೀನಿ."

ಅಜ್ಜಿ ಕುಲುಮೆಯ ಪುಟ್ಟಾಚಾರಿ ಹತ್ತಿರ ಹೋದಳು.

"ಆಚಾರೀ, ದಬ್ಬಣ ಮಾಡಿಕೊಡಪ್ಪ. ದಬ್ಬಣ ಇಲ್ಲದೆ ಬೆಲ್ಟಿಲ್ಲ. ಬೆಲ್ಟಿಲ್ಲದೆ ನುಚ್ಚಿಲ್ಲ. ನುಚ್ಚಿಲ್ಲದೆ ಕೋಳಿ ಏಳಲ್ಲ. ಕೋಳಿ ಏಳದೆ ಗುಂಡು ಸಿಗಲ್ಲ. ಗುಂಡಿಲ್ಲದೆ ಕಾರು ಓಡಲ್ಲ. ತಂಗಿ ಕಾಯ್ತಿದ್ದಾಳೆ!"

ಪುಟ್ಟಾಚಾರಿ ಆಆಆ ಅಂತ ಆಕಳಿಸಿದ. "ಬೆಳಿಗ್ಗೆಯಿಂದ ಟೀ ಕುಡಿದಿಲ್ಲ ಅಜ್ಜಿ. ಟೀ ಇಲ್ಲದೆ ಸುತ್ತಿಗೆ ಮೇಲೇಳಲ್ಲ. ಟೀ ತಾ, ದಬ್ಬಣ ಕೊಡ್ತೀನಿ."

ಅಜ್ಜಿ ಟೀ ಅಂಗಡಿ ನಾಗಮ್ಮಣ್ಣಿ ಹತ್ತಿರ ಹೋದಳು.

"ನಾಗಮ್ಮಣ್ಣೀ, ಟೀ ಕೊಡವ್ವ. ಟೀ ಇಲ್ಲದೆ ದಬ್ಬಣ ಇಲ್ಲ. ದಬ್ಬಣ ಇಲ್ಲದೆ ಬೆಲ್ಟಿಲ್ಲ. ಬೆಲ್ಟಿಲ್ಲದೆ ನುಚ್ಚಿಲ್ಲ. ನುಚ್ಚಿಲ್ಲದೆ ಕೋಳಿ ಏಳಲ್ಲ. ಕೋಳಿ ಏಳದೆ ಗುಂಡು ಸಿಗಲ್ಲ. ಗುಂಡಿಲ್ಲದೆ ಕಾರು ಓಡಲ್ಲ. ತಂಗಿ ಕಾಯ್ತಿದ್ದಾಳೆ!"

"ಅಯ್ಯೋ, ಹಾಲೇ ಇಲ್ಲ ಕಣಜ್ಜಿ! ಎಮ್ಮೆ ಇವತ್ತು ಮುನಿಸಿಕೊಂಡಿದೆ. ನೀನೇ ಕೇಳು. ಹಾಲು ಬಂದರೆ ಟೀ ಕೊಡ್ತೀನಿ."

ಅಜ್ಜಿ ಎಮ್ಮೆ ಹತ್ತಿರ ಹೋದಳು. ಹೊತ್ತು ನೆತ್ತಿಯಿಂದ ಇಳಿದಿತ್ತು.

"ಎಮ್ಮೇ, ಎಮ್ಮೇ, ಹಾಲು ಕೊಡು ತಾಯಿ. ಹಾಲಿಲ್ಲದೆ ಟೀ ಇಲ್ಲ. ಟೀ ಇಲ್ಲದೆ ದಬ್ಬಣ ಇಲ್ಲ. ದಬ್ಬಣ ಇಲ್ಲದೆ ಬೆಲ್ಟಿಲ್ಲ. ಬೆಲ್ಟಿಲ್ಲದೆ ನುಚ್ಚಿಲ್ಲ. ನುಚ್ಚಿಲ್ಲದೆ ಕೋಳಿ ಏಳಲ್ಲ. ಕೋಳಿ ಏಳದೆ ಗುಂಡು ಸಿಗಲ್ಲ. ಗುಂಡಿಲ್ಲದೆ ಕಾರು ಓಡಲ್ಲ. ತಂಗಿ ಕಾಯ್ತಿದ್ದಾಳೆ!"

ಎಮ್ಮೆ ಮೆಲುಕು ಹಾಕಿತು. ಒಂದು ಸಲ. ಎರಡು ಸಲ. ಆಮೇಲೆ ಹೇಳಿತು. "ಕಾರಲ್ಲಿ ಒಂದು ಸುತ್ತು ಹಾಕಿಸು. ಹಾಲು ಕೊಡ್ತೀನಿ."

"ಕಾರು ಓಡಲ್ಲ ಅಂತ ಈಗ ತಾನೇ ಹೇಳಿದೆನಲ್ಲ!"

"ಓಡದಿದ್ರೆ ತಳ್ಳು" ಅಂತು ಎಮ್ಮೆ.

ಅಜ್ಜಿಗೆ ಅಳು ಬಂತು. ಮೂರು ವರ್ಷ ಉಜ್ಜಿದ್ದು, ತೊಳೆದದ್ದು, ತಟ್ಟಿದ್ದು. ಎಲ್ಲಾ ಒಂದು ಎಮ್ಮೆಗೆ ಬಂದು ನಿಂತಿತಲ್ಲ! ಜಗಲಿ ಮೇಲೆ ಕೂತು ಮೂಗು ಒರೆಸಿಕೊಂಡಳು. ತಂಗಿಯ ಚೀಲ ಕಣ್ಣಿಗೆ ಕಟ್ಟಿತು. ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕಾರನ್ನು ದರದರ ಎಳೆದು ತಂದಳು.

"ಹತ್ತವ್ವಾ, ಹತ್ತು."

ಎಮ್ಮೆ ಹತ್ತಿತು. ಮುಂಗಾಲು ಸೀಟಿನ ಮುಂದೆ. ಕುಂಡೆ ಸೀಟಿನ ಮೇಲೆ. ಬಾಲ ಆಚೆ. ಕಾರು ಕುಂಯ್ ಅಂತು. ಅಜ್ಜಿ ತಳ್ಳಿದಳು. ಕಾರು ಹಗುರ, ಎಮ್ಮೆ ಹಗುರ ಅಲ್ಲವಲ್ಲ! ಅಲ್ಲಾಡಲಿಲ್ಲ.

ಅಜ್ಜಿ ಸುತ್ತ ನೋಡಿದಳು. ಬೆಲ್ಟಿಲ್ಲದ ಮಾದಪ್ಪ ಸುಮ್ಮನೆ ಕೂತಿದ್ದ. ದಬ್ಬಣ ಇಲ್ಲದ ಬಾಷಾ ಸಾಬರು ಸುಮ್ಮನೆ ಕೂತಿದ್ದರು. ಟೀ ಇಲ್ಲದ ಪುಟ್ಟಾಚಾರಿ ಸುಮ್ಮನೆ ಕೂತಿದ್ದ. ಹಾಲಿಲ್ಲದ ನಾಗಮ್ಮಣ್ಣಿ ಸುಮ್ಮನೆ ಕೂತಿದ್ದಳು.

"ಎಲ್ಲಾ ಸುಮ್ಮನೇ ಕೂತಿದ್ದೀರಲ್ಲ! ಬನ್ನಿ, ತಳ್ಳಿ!" ಅಂತ ಕೂಗಿದಳು ಅಜ್ಜಿ.

ಎಲ್ಲರೂ ಬಂದರು. ಕೋಳಿ ಮಾತ್ರ ಬುಟ್ಟಿಯಿಂದಲೇ ಹೇಳಿತು. "ನಾನೂ ಬರ್ತಿದ್ದೆ. ಏನು ಮಾಡೋದು, ಮೊಟ್ಟೆ ಆರಿಹೋಗುತ್ತೆ."

ಅಜ್ಜಿ ತಳ್ಳಿದಳು. ಮಾದಪ್ಪ ತಳ್ಳಿದ. ಬಾಷಾ ಸಾಬರು ತಳ್ಳಿದರು. ಪುಟ್ಟಾಚಾರಿ ಆಕಳಿಸುತ್ತಾ ತಳ್ಳಿದ. ನಾಗಮ್ಮಣ್ಣಿ ತಳ್ಳಿದಳು. ಐಸಾ! ಐಸಾ! ಕಾರು ಹೊರಟಿತು. ಬಾವಿ ಸುತ್ತ ಒಂದು ಸುತ್ತು ಬಂತು. ಎಮ್ಮೆಯ ಕಿವಿ ಪಟಪಟ ಹಾರಿತು. "ಆಂಬಾಆಆ! ಏನು ಗಾಳಿ! ಏನು ಗಾಳಿ!"

ಎಮ್ಮೆ ಇಳಿಯಿತು. ಚೊರ್ ಚೊರ್ ಅಂತ ಹಾಲು ಕೊಟ್ಟಿತು.

ಹಾಲು ಬಂತು, ನಾಗಮ್ಮಣ್ಣಿ ಟೀ ಕಾಸಿದಳು.

ಟೀ ಬಂತು, ಪುಟ್ಟಾಚಾರಿ ಸೊರ್ ಅಂತ ಕುಡಿದು ದಬ್ಬಣ ಬಡಿದ.

ದಬ್ಬಣ ಬಂತು, ಬಾಷಾ ಸಾಬರು ಸರಸರ ಬೆಲ್ಟು ಹೊಲಿದರು.

ಬೆಲ್ಟು ಬಂತು, ಮಾದಪ್ಪ ಗಡಗಡ ಗಿರಣಿ ತಿರುಗಿಸಿ ನುಚ್ಚು ಕೊಟ್ಟ.

ನುಚ್ಚು ಬಂತು, ಕೋಳಿ ಎದ್ದಿತು.

ಕೋಳಿ ಎದ್ದಿತು, ಗುಂಡು ಸಿಕ್ಕಿತು. ಬೆಳ್ಳಗೆ, ದುಂಡಗೆ, ಬಿಸಿಬಿಸಿ!

"ಇನ್ನೆರಡು ದಿನ ಬಿಟ್ಟಿದ್ರೆ ಮರಿ ಆಗ್ತಿತ್ತು" ಅಂತ ಗೊಣಗಿತು ಕೋಳಿ.

ಅಜ್ಜಿ ಗುಂಡು ತಿರುಗಿಸಿ ಕೂರಿಸಿದಳು. ಗೇರು ಹಾಕಿದಳು. ಅಂಗೈಗೆ ಚುಚ್ಚಲಿಲ್ಲ. ಡುರ್ರ್ರ್ರ್! ಕಾರು ಓಡಿತು!

ಆಚೆ ಊರಲ್ಲಿ ಹೊತ್ತು ಕೆಂಪಗಾಗಿತ್ತು. ಚಿಕ್ಕತಾಯಿ ಚೀಲದ ಒಂದು ಗಂಟು ಬಿಚ್ಚಿದ್ದಳು. ಎರಡನೇ ಗಂಟಿಗೆ ಕೈ ಹಾಕಿದ್ದಳು.

ಪೋಂ! ಪೋಂ!

ಚಿಕ್ಕತಾಯಿ ತಲೆ ಎತ್ತಿದಳು. ನೋಡಿದಳು. ಮುಖ ಆ ಕಡೆ ತಿರುಗಿಸಿದಳು.

"ತಡ ಆಯ್ತು ಕಣೇ" ಅಂದಳು ಅಜ್ಜಿ.

"ಮೂರು ವರ್ಷ!"

"ಹೂಂ ಕಣೇ. ಮೂರು ವರ್ಷ. ಹತ್ತು."

ಚಿಕ್ಕತಾಯಿ ಮೂತಿ ಊದಿಸಿಕೊಂಡೇ ಹತ್ತಿದಳು. ಚೀಲ ತೊಡೆ ಮೇಲಿಟ್ಟುಕೊಂಡಳು. ಕಾರು ಹೊರಟಿತು. ಹುಣಸೆಮರ ಹಿಂದೆ ಹೋಯ್ತು. ಶಾಲೆ ಹಿಂದೆ ಹೋಯ್ತು. ಗಾಳಿಗೆ ಚಿಕ್ಕತಾಯಿಯ ತುರುಬು ಬಿಚ್ಚಿಹೋಯ್ತು. ಕೂದಲೆಲ್ಲಾ ಹಾರಿತು.

"ಅಕ್ಕಾ!" ಅಂತ ಕಿರುಚಿದಳು ಚಿಕ್ಕತಾಯಿ.

"ಏನೇ? ಭಯ ಆಯ್ತಾ? ನಿಧಾನಕ್ಕೆ ಹೋಗ್ಲಾ?"

"ಬೇಡ! ಇನ್ನೊಂದು ಗೇರು ಹಾಕೇ!"

ಅಜ್ಜಿ ಹಾಕಿದಳು. ಕಾರು ಮುಂದೆ ಹೋಯ್ತು. ಕತೆ ಇಲ್ಲೇ ಇಳೀತು.